ಭತ್ತದ ವೈವಿಧ್ಯದ ನಂಬರ್ ಯಾಕೋ ಸರಿ ಕಾಣುದಿಲ್ಲ: ದೋಷ ಎಲ್ಲಿ ಅಂತ ಹುಡುಕುವ ದಾರಿ

ಊರ ಭತ್ತದ ತಳಿಗಳ ಜೆನೆಟಿಕ್ ವೈವಿಧ್ಯ ಅಳೆಯುವ ಕೆಲಸಕ್ಕೆ ಇಳಿದವರು ಹೆಚ್ಚಾಗಿ ಸಿಕ್ಕಿಬೀಳುದು ಲ್ಯಾಬಿನಲ್ಲಿ ಅಲ್ಲ, ಕೊನೆಗೆ ಸಾಫ್ಟ್‌ವೇರ್ ಒಂದು ಟೇಬಲ್ ಕೊಡ್ತದಲ್ಲ, ಅಲ್ಲಿ. ಉದಾಹರಣೆಗೆ ಹೀಗೆ ಬಂತು ಅಂತ ಇಟ್ಕೊಳ್ಳಿ: ಕಂಡ ಹೆಟೆರೊಜೈಗೋಸಿಟಿ 0.41, ನಿರೀಕ್ಷಿತ ಹೆಟೆರೊಜೈಗೋಸಿಟಿ 0.38. (ಹೆಟೆರೊಜೈಗೋಸಿಟಿ ಅಂದ್ರೆ ಡಿಎನ್‌ಎಯ ಒಂದು ಜಾಗದಲ್ಲಿ ಎರಡು ಬೇರೆ ರೂಪ, ಅಂದ್ರೆ ಎರಡು ಬೇರೆ ಅಲೀಲ್, ಇರುವ ಗಿಡಗಳ ಪಾಲು. ಅಂಥ ಗಿಡ ಹೆಟೆರೊಜೈಗೋಟ್. ಗಿಡಗಳು ಭೇದ ಇಲ್ಲದೆ ಒಂದಕ್ಕೊಂದು ಕ್ರಾಸ್ ಆದ್ರೆ ಎಷ್ಟು ಇರ್ಬೇಕೋ ಅದು ನಿರೀಕ್ಷಿತ.) ನೋಡ್ಲಿಕ್ಕೆ ಚಂದ ಉಂಟು. ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು ಕಡೆಯ ತಳಿಗಳಲ್ಲಿ ಭಾರೀ ವೈವಿಧ್ಯ ಉಂಟು ಅಂತ ಎರಡು ಪ್ಯಾರಾ ಬರೆದು ಗೈಡಿಗೆ ಕಳಿಸಿಬಿಡುವ ಅಂತ ಆಸೆಯೂ ಆಗ್ತದೆ. ಕಳಿಸ್ಬೇಡಿ. ಭತ್ತದಲ್ಲಿ ಈ ನಂಬರ್ ಬರ್ಲಿಕ್ಕೇ ಇಲ್ಲ.

ಯಾಕಂದ್ರೆ ಭತ್ತ ತನ್ನದೇ ಪರಾಗದಿಂದ ಕಾಳು ಕಟ್ಟುವ ಬೆಳೆ, ಹೂ ಬಿಡುವ ಹೊತ್ತಿಗೇ ಪರಾಗ ಉದುರಿ ಆಗಿರ್ತದೆ, ಪಕ್ಕದ ಗಿಡದ ಪರಾಗ ಸೇರುದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಮ್ಮಿ. ಒಂದು ಸಲ ಕ್ರಾಸ್ ಆದ್ರೂ ಆಮೇಲೆ ಪ್ರತಿ ತಲೆಮಾರಿಗೆ ಹೆಟೆರೊಜೈಗೋಟ್ ಪಾಲು ಅರ್ಧಕ್ಕೆ ಇಳೀತಾ ಹೋಗ್ತದೆ, ಆರು ತಲೆಮಾರು ಕಳೆದ್ರೆ ಉಳಿಯುದು 64ರಲ್ಲಿ 1. ಲೆಕ್ಕ ಹಾಕಿ ನೋಡಿ. ನೂರರಲ್ಲಿ 99 ಪಾಲು ಸ್ವಪರಾಗ ಆದ್ರೆ ಇನ್‌ಬ್ರೀಡಿಂಗ್ ಗುಣಾಂಕ (ಹೆಟೆರೊಜೈಗೋಟ್ ಎಷ್ಟು ಪಾಲು ಕಮ್ಮಿ ಆಗ್ತದೆ ಅನ್ನುವ ಅಳತೆ) 0.99 ಭಾಗಿಸು 1.01 (2ರಿಂದ 0.99 ಕಳೆದದ್ದು), ಅಂದ್ರೆ 0.98. ನಿರೀಕ್ಷಿತ 0.38 ಇದ್ದಲ್ಲಿ ನಿಮಗೆ ನಿಜವಾಗಿ ಕಾಣ್ಬೇಕಾದ್ದು 0.008ರ ಆಸುಪಾಸು. ಬಂದದ್ದು 0.41. ಐವತ್ತು ಪಟ್ಟು ಜಾಸ್ತಿ! ಇದು ವೈವಿಧ್ಯ ಅಲ್ಲ, ಎಲ್ಲೋ ಎಂತದೋ ಕೆಟ್ಟಿದೆ ಅಂತ ಡೇಟಾವೇ ಕೂಗಿ ಹೇಳುದು.

ಅದೇ 0.41 ಕಂಗಿನಲ್ಲಿ (ಅಡಿಕೆ ಮರದಲ್ಲಿ) ಬಂದಿದ್ರೆ ಮಾತಾಡ್ಲಿಕ್ಕೆ ಎಂತದೂ ಇಲ್ಲ, ಕಂಗು ಪರಪರಾಗದ ಮರ, ಕಂಡದ್ದೂ ನಿರೀಕ್ಷಿತವೂ ಹತ್ತಿರ ಹತ್ತಿರ ಇರ್ಬೇಕಾದ್ದೇ. ತೆಂಗಿನಲ್ಲಿ ಎತ್ತರದ ಜಾತಿಗೆ ಒಂದು ನಿಯಮ, ಗಿಡ್ಡ ಜಾತಿಗೆ ಇನ್ನೊಂದು, ಗಿಡ್ಡದ್ದು ಬಹುಪಾಲು ಸ್ವಪರಾಗ. ಒಳ್ಳೆಮೆಣಸು (ಕಾಳುಮೆಣಸು) ಬಳ್ಳಿ ತುಂಡು ಮಾಡಿ ನೆಡುದಾದ್ರಿಂದ ಹತ್ತು ತೋಟದಿಂದ ತಂದ ಹತ್ತು ಬಳ್ಳಿ ಡಿಎನ್‌ಎಯಲ್ಲಿ ಒಂದೇ ಆಗಿರುದೂ ಉಂಟು, ಅದು ದೋಷ ಅಲ್ಲ. ಹಾಗಾಗಿ ಟೇಬಲ್ ಬಿಡಿಸುವ ಮೊದ್ಲು ಬೆಳೆಯ ಸ್ವಭಾವಕ್ಕೆ ಎಷ್ಟು ಬರ್ಬೇಕು ಅಂತ ಒಂದು ಚೀಟಿಯಲ್ಲಿ ಬರೆದಿಡಿ, ನಂಬರ್ ನೋಡಿದ ಮೇಲೆ ಬರೆದ್ರೆ ಪ್ರಯೋಜನ ಇಲ್ಲ, ಮನಸ್ಸು ಆ ನಂಬರಿಗೇ ಕಾರಣ ಹುಡುಕ್ತದೆ.

ಮೊದಲು ಒಂದು ಟೇಬಲ್ ಮಾಡಿ

ಸರಾಸರಿ ನೋಡಿ ದೋಷ ಹಿಡಿಯುದು ಕಷ್ಟ, ಸರಾಸರಿ ಎಲ್ಲವನ್ನೂ ಮುಚ್ಚಿಬಿಡ್ತದೆ. ಎಕ್ಸೆಲ್‌ನಲ್ಲಿ ಅಡ್ಡಕ್ಕೆ ಒಂದೊಂದು ಗಿಡ, ಉದ್ದಕ್ಕೆ ಒಂದೊಂದು ಮಾರ್ಕರ್ (ಡಿಎನ್‌ಎಯಲ್ಲಿ ನಾವು ನೋಡುವ ಗುರುತಿನ ಜಾಗ) ಹಾಕಿ, ಎರಡು ಬ್ಯಾಂಡ್ (ಜೆಲ್ಲಿನಲ್ಲಿ ಕಾಣುವ ಗೆರೆ, ಒಂದು ಅಲೀಲಿಗೆ ಒಂದು) ಬಂದಲ್ಲೆಲ್ಲ ಕೆಂಪು ಬಣ್ಣ ತುಂಬಿಸಿ. ಮತ್ತೆ ಸ್ವಲ್ಪ ದೂರ ಕೂತು ಆ ಕೆಂಪು ಎಲ್ಲಿ ಗುಂಪಾಗಿದೆ ನೋಡಿ. ಕೆಂಪು ಒಂದೆರಡು ಕಾಲಮ್ಮಿನಲ್ಲಿ ಮಾತ್ರ ಮೇಲಿಂದ ಕೆಳಗಿನ ತನಕ ಇದ್ರೆ ಪ್ರೈಮರ್ (ಆ ಜಾಗಕ್ಕೆ ಅಂಟಿ ನಕಲು ಶುರು ಮಾಡುವ ಡಿಎನ್‌ಎ ತುಣುಕು) ಮೇಲೆ ಸಂಶಯ ಪಡಿ. ಒಂದೆರಡು ಅಡ್ಡ ಸಾಲಿನಲ್ಲಿ ಮಾತ್ರ ಇದ್ರೆ ಆ ಸ್ಯಾಂಪಲ್ ಮೇಲೆ. ಒಂದೇ ದಿವಸ ಓಡಿಸಿದ ಜೆಲ್‌ಗಳಲ್ಲಿ ಮಾತ್ರ ಇದ್ರೆ ಆವತ್ತಿನ ಪಿಸಿಆರ್ (ಆ ಜಾಗದ ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಕ್ರಮ) ಮೇಲೆ. ಊರಿಡೀ, ಅಂದ್ರೆ ಇಡೀ ಟೇಬಲ್ಲೇ, ಕೆಂಪಾಗಿದ್ರೆ ಎಲೆ ಕೊಯ್ದ ಗದ್ದೆಗೇ ವಾಪಸ್ ಹೋಗ್ಬೇಕು. ಇಷ್ಟು ಮಾಡ್ಲಿಕ್ಕೆ ರೊಕ್ಕ ಬೇಡ, ಒಂದು ಮಧ್ಯಾಹ್ನ ಸಾಕು, ಆದ್ರೆ ಇದನ್ನು ಮಾಡದೆ ನೇರ ಎಲ್ಲ ಪ್ರೈಮರ್ ಪುನಃ ಓಡಿಸ್ಲಿಕ್ಕೆ ಹೋಗುವವರೇ ಜಾಸ್ತಿ.

ಊರಿಡೀ ಕೆಂಪು

ಇದೇ ಅತಿ ಸಾಮಾನ್ಯ ಕೇಸು, ಮತ್ತೆ ಇದೇ ಅತಿ ತಲೆ ತಿನ್ನುವ ಕೇಸು, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತೇನೆ.

ಗದ್ದೆಯಲ್ಲಿ ಎಲೆ ಕೊಯ್ಯುವಾಗ ಒಂದು ತಳಿಗೆ ಒಂದು ಕವರ್ ಅಂತ ಲೆಕ್ಕ ಹಾಕಿ ಐದಾರು ಗಿಡದ ಎಲೆಯನ್ನು ಅದೇ ಕವರಿಗೆ ತುರುಕಿ ತರುದು, ಒಟ್ಟಿಗೆ ಅರೆದು ಡಿಎನ್‌ಎ ತೆಗೆಯುದು, ಇದಕ್ಕೆ ಬಲ್ಕ್ ಸ್ಯಾಂಪಲ್ ಅಂತ ಹೆಸರು. ಬಲ್ಕ್ ಮಾಡುದೇ ತಪ್ಪು ಅಂತ ಅಲ್ಲ, ನೂರು ತಳಿಯನ್ನು ಒಂದಕ್ಕೊಂದು ಹೋಲಿಸ್ಲಿಕ್ಕೆ ಕಡಿಮೆ ಖರ್ಚಿನಲ್ಲಿ ಅದು ಆಗ್ತದೆ. ಆದ್ರೆ ಆ ಟ್ಯೂಬಿನಿಂದ ಹೆಟೆರೊಜೈಗೋಸಿಟಿ ಲೆಕ್ಕ ಹಾಕ್ಲಿಕ್ಕೆ ಆಗುದಿಲ್ಲ. ಐದು ಮನೆಯ ಸಾಂಬಾರು ಒಂದೇ ಪಾತ್ರೆಗೆ ಸುರಿದು ಇದರಲ್ಲಿ ಹುಳಿ ಯಾರ ಮನೆದು ಅಂತ ಕೇಳಿದ ಹಾಗೆ. ಒಂದು ಗಿಡ 150 ಬೇಸಿನ (ಬೇಸ್ ಅಂದ್ರೆ ಡಿಎನ್‌ಎಯ ಒಂದು ಅಕ್ಷರ) ಅಲೀಲಿಗೆ ಶುದ್ಧ, ಅಂದ್ರೆ ಎರಡು ಪ್ರತಿಯೂ ಅದೇ, ಪಕ್ಕದ್ದು 160ಕ್ಕೆ ಶುದ್ಧ, ಎರಡೂ ಸೇರಿದ ಟ್ಯೂಬಿನಲ್ಲಿ 150, 160 ಎರಡೂ ಬ್ಯಾಂಡ್ ಬರ್ತದೆ, ನೀವು ಅದನ್ನು ಹೆಟೆರೊಜೈಗೋಟ್ ಅಂತ ಬರ್ಕೊಳ್ತೀರಿ, ಸಾಫ್ಟ್‌ವೇರ್ ಪಾಪ ನಂಬ್ತದೆ.

ಬಲ್ಕ್ ಅಂತ ಹಿಡಿಯುದು ಹೇಗೆ? ಒಂದೇ ಲೇನಿನಲ್ಲಿ ಮೂರು ಬ್ಯಾಂಡ್ ಇದ್ಯಾ ನೋಡಿ. ಭತ್ತ ಡಿಪ್ಲಾಯ್ಡ್ (ಪ್ರತಿ ಕ್ರೋಮೋಸೋಮಿಗೆ ಎರಡು ಪ್ರತಿ), ಕ್ರೋಮೋಸೋಮ್ 24, ಒಂದು ಲೋಕಸ್‌ನಲ್ಲಿ (ಡಿಎನ್‌ಎಯ ಒಂದು ಜಾಗದಲ್ಲಿ) ಒಂದು ಗಿಡಕ್ಕೆ ಎರಡಕ್ಕಿಂತ ಹೆಚ್ಚು ಅಲೀಲ್ ಇರ್ಲಿಕ್ಕೆ ಸಾಧ್ಯ ಇಲ್ಲ. ಅಲ್ಲಲ್ಲಿ ಬೇರೆ ಬೇರೆ ಮಾರ್ಕರಿನಲ್ಲಿ ಮೂರನೇ ಬ್ಯಾಂಡ್ ಕಂಡ್ರೆ ಒಂದಕ್ಕಿಂತ ಹೆಚ್ಚು ಗಿಡ ಆ ಟ್ಯೂಬಿನೊಳಗೆ ಉಂಟು. ಎರಡೇ ಬ್ಯಾಂಡ್ ಇದ್ದಾಗ ದಪ್ಪ ನೋಡಿ, ಒಂದು ಗಿಡದ ನಿಜವಾದ ಹೆಟೆರೊಜೈಗೋಟ್‌ನಲ್ಲಿ ಎರಡೂ ಹೆಚ್ಚುಕಮ್ಮಿ ಸಮ ಇರ್ತದೆ (ಸಣ್ಣ ಅಲೀಲ್ ಸ್ವಲ್ಪ ಜೋರು ಬರುದು ಮಾಮೂಲಿ), ನಾಲ್ಕು ಗಿಡ ಒಂದು ನಮೂನೆ ಒಂದು ಗಿಡ ಇನ್ನೊಂದು ನಮೂನೆ ಆದ್ರೆ ಒಂದು ಬ್ಯಾಂಡ್ ದಪ್ಪ ಒಂದು ಮಸುಕು, ಅದೂ ಒಂದೊಂದು ಮಾರ್ಕರಿನಲ್ಲಿ ಒಂದೊಂದು ಥರ. ಖಾತ್ರಿ ಆಗ್ಬೇಕಾದ್ರೆ ಅದೇ ತಳಿಯ ಎಂಟು ಹತ್ತು ಬೀಜ ಮೊಳಕೆ ಬರಿಸಿ ಪ್ರತಿ ನೇಜಿಯ (ಸಸಿಯ) ಡಿಎನ್‌ಎ ಬೇರೆ ಬೇರೆ ತೆಗೆದು ಮೂರು ನಾಲ್ಕು ಮಾರ್ಕರ್ ಓಡಿಸಿ. ಪ್ರತಿಯೊಂದರಲ್ಲಿ ಒಂದೊಂದೇ ಬ್ಯಾಂಡ್, ಆದ್ರೆ ಗಿಡದಿಂದ ಗಿಡಕ್ಕೆ ಬ್ಯಾಂಡ್ ಬೇರೆ ಅಂತಾದ್ರೆ ಉತ್ತರ ಸಿಕ್ಕಿತು.

ಇಲ್ಲಿ ಒಂದು ಸೂಕ್ಷ್ಮ ಉಂಟು, ತುಂಬ ಜನ ಎಡವುದು ಇಲ್ಲೇ. ತಳಿಯೊಳಗೆ ಗಿಡಗಳು ಒಂದಕ್ಕಿಂತ ಒಂದು ಬೇರೆ ಇರುದು, ಮತ್ತೆ ಒಂದು ಗಿಡದೊಳಗೇ ಎರಡು ಅಲೀಲ್ ಇರುದು, ಇವೆರಡು ಬೇರೆ ಬೇರೆ ವಿಷಯ. ಊರ ತಳಿ ಅಂದ್ರೆ ಸ್ವಭಾವದಲ್ಲೇ ಹಲವು ಶುದ್ಧ ಸಾಲುಗಳ (ಸ್ವಪರಾಗದಿಂದ ತಲೆಮಾರು ತಲೆಮಾರು ಒಂದೇ ಥರ ಬರುವ ಗಿಡಗಳ) ಗುಂಪು, ಹಾಗಾಗಿ ನಿರೀಕ್ಷಿತ ಜಾಸ್ತಿ, ಕಂಡದ್ದು ಕಮ್ಮಿ, ಇದು ಆರೋಗ್ಯದ ಲಕ್ಷಣ. ತಳಿ ಅಭಿವೃದ್ಧಿ ಮಾಡುವವರಿಗೆ ಬೇಕಾದ್ದೂ ಈ ಮೊದಲ ನಮೂನೆಯ ವ್ಯತ್ಯಾಸವೇ, ಅದರಿಂದ ಒಳ್ಳೆ ಸಾಲನ್ನು ಆರಿಸಿ ತೆಗೀಬಹುದು.

ಈಗ ಇನ್ನೊಂದು ತಲೆನೋವು: ಆ ಗುಂಪು ತಳಿಯದ್ದೇ ಸ್ವಂತವಾ, ಅಲ್ಲ ಅಂಗಳದಲ್ಲಿ ಒಕ್ಕುವಾಗ ಸೇರಿದ್ದಾ? ಏಣೆಲಿನ (ಮಳೆಗಾಲದ) ಬೆಳೆಯಿಂದ ಉದುರಿದ ಕಾಳು ಸುಗ್ಗಿಯಲ್ಲಿ (ಅದರ ನಂತರದ ಬೆಳೆಯಲ್ಲಿ) ತಾನೇ ಎದ್ದು ಬರ್ತದೆ, ಒಂದೇ ಚಾಪೆಯಲ್ಲಿ ಎರಡು ತಳಿ ಒಣಗಿಸ್ತಾರೆ, ಇದೆಲ್ಲ ಇದ್ದದ್ದೇ. ಸೇರಿದ ಬೀಜ ಆದ್ರೆ ಆ ಬೇರೆ ಗಿಡ ಎಲ್ಲ ಮಾರ್ಕರಿನಲ್ಲೂ ಒಟ್ಟಿಗೆ ಬೇರೆ ಕಾಣ್ತದೆ, ಮತ್ತೆ ಸಂಗ್ರಹದ ಇನ್ಯಾವುದೋ ತಳಿಗೆ ಪಕ್ಕಾ ತಾಳೆ ಆಗ್ತದೆ. ತಳಿಯ ಸ್ವಂತ ವ್ಯತ್ಯಾಸ ಆದ್ರೆ ಅಲ್ಲೊಂದು ಇಲ್ಲೊಂದು ಮಾರ್ಕರಿನಲ್ಲಿ ಮಾತ್ರ ಬದಲು. ಗದ್ದೆಯಲ್ಲೂ ನೋಡಿ, ಸೇರಿದ ಗಿಡ ಎತ್ತರ, ತೆನೆ ಬರುವ ದಿವಸ, ಹೊಟ್ಟಿನ ಬಣ್ಣದಲ್ಲಿ ಎದ್ದು ಕಾಣ್ತದೆ. ತಳಿ ನೋಂದಣಿಗೆ ಭತ್ತದಲ್ಲಿ ನೋಡುವ 62 ಲಕ್ಷಣಗಳ ಪಟ್ಟಿ ಉಂಟಲ್ಲ, ಅದರಲ್ಲಿ ಹತ್ತನ್ನು ನೋಡಿ ಬರ್ಕೊಂಡ್ರೂ ಈ ಪ್ರಶ್ನೆಗೆ ಅರ್ಧ ಉತ್ತರ ಸಿಕ್ತದೆ.

ಒಂದೆರಡು ಕಾಲಮ್ ಮಾತ್ರ ಕೆಂಪು

ಪ್ರತಿ ಜೆಲ್ಲಿನಲ್ಲೂ ಒಂದು ಶುದ್ಧ ಸಾಲಿನ ಡಿಎನ್‌ಎ ಓಡಿಸಿದವರಿಗೆ ಇದು ಐದು ನಿಮಿಷದ ಕೆಲಸ. ನಿಪ್ಪೊನ್‌ಬಾರೆ (ಜಪಾನಿನ ಒಂದು ಭತ್ತದ ತಳಿ) ಒಳ್ಳೇದು, ಅದರ ಪೂರ್ತಿ ಜೀನೋಮ್ (ಇಡೀ ಡಿಎನ್‌ಎಯ ಓದು) 2005ರಲ್ಲೇ ಪ್ರಕಟ ಆಗಿದೆ, ಯಾವ ಸೈಜಿನ ಬ್ಯಾಂಡ್ ಬರ್ಬೇಕು ಅಂತ ಮೊದ್ಲೇ ಹೇಳ್ಬಹುದು. ಐಆರ್ 64 ಅನ್ನುವ ತಳಿ ಆದ್ರೂ ನಡೀತದೆ. ಶುದ್ಧ ಸಾಲಿನಲ್ಲೂ ಎರಡು ಬ್ಯಾಂಡ್ ಬಂತು ಅಂದ್ರೆ ಆ ಪ್ರೈಮರ್ ಜೀನೋಮಿನ ಎರಡು ಜಾಗಕ್ಕೆ ಹೋಗಿ ಅಂಟ್ತಾ ಉಂಟು, ಅಥವಾ ನೀವು ಸ್ಟಟರ್ ಬ್ಯಾಂಡನ್ನು ಅಲೀಲ್ ಅಂತ ಓದಿದ್ದೀರಿ. ಎರಡು ಬೇಸಿನ ರಿಪೀಟ್ ಇರುವ ಮಾರ್ಕರುಗಳಲ್ಲಿ ಪಾಲಿಮರೇಸ್ (ಡಿಎನ್‌ಎ ನಕಲು ಮಾಡುವ ಕಿಣ್ವ) ಜಾರಿ ಜಾರಿ ಒಂದೆರಡು ರಿಪೀಟ್ ಕಮ್ಮಿ ಇರುವ ಮಸುಕು ಬ್ಯಾಂಡ್ ಬಿಡ್ತದೆ, ಅದು ಯಾವಾಗಲೂ ಮುಖ್ಯ ಬ್ಯಾಂಡಿಗಿಂತ ಸ್ವಲ್ಪ ಕೆಳಗೆ, ಅಷ್ಟಷ್ಟೇ ಅಂತರದಲ್ಲಿ. ಅನೀಲಿಂಗ್ (ಪ್ರೈಮರ್ ಅಂಟುವ) ತಾಪಮಾನ ಎರಡು ಮೂರು ಡಿಗ್ರಿ ಏರಿಸಿ ನೋಡಿ, ಹೋಗದಿದ್ರೆ ಆ ಮಾರ್ಕರನ್ನು ಬಿಟ್ಟುಬಿಡಿ. ಭತ್ತಕ್ಕೆ ಆರ್‌ಎಂ ಮಾರ್ಕರಿಗೆ (ಭತ್ತದ ಎಸ್‌ಎಸ್‌ಆರ್, ಅಂದ್ರೆ ಸಣ್ಣ ರಿಪೀಟ್ ಇರುವ ಜಾಗದ ಮಾರ್ಕರಿಗೆ) ಬರಗಾಲ ಇಲ್ಲ, 2002ರಲ್ಲೇ ಒಂದೇ ಸಲಕ್ಕೆ ಎರಡು ಸಾವಿರಕ್ಕಿಂತ ಹೆಚ್ಚು ಪ್ರಕಟ ಆದದ್ದು. ಒಂದಕ್ಕೇ ಜೋತುಬೀಳುದು ಯಾಕೆ?

ಒಂದೆರಡು ಗಿಡ ಮಾತ್ರ ಕೆಂಪು

ಇಲ್ಲಿ ಸಂತೋಷದ ಸುದ್ದಿಯೂ ಇರ್ಬಹುದು. ನಿಜವಾಗಿಯೇ ಕ್ರಾಸ್ ಆದ ಗಿಡ ಆಗಿರ್ಬಹುದು, ನಮ್ಮ ಕಡೆ ವರಿನೆಲ್ಲು ಅಂತ ಹೇಳುವ ಕಳೆ ಭತ್ತ ಗದ್ದೆಯಲ್ಲಿದ್ರೆ ಅದರ ಜೊತೆಗೂ ಕ್ರಾಸ್ ಆಗುದುಂಟು. ನಿಜದ ಕ್ರಾಸ್‌ನಲ್ಲಿ ಎಲ್ಲಿಯೂ ಮೂರು ಬ್ಯಾಂಡ್ ಇರುದಿಲ್ಲ. ಆ ಗಿಡದ ಬೀಜ ಹಾಕಿ ಮೂವತ್ತು ನಲವತ್ತು ಮರಿ ನೋಡಿ, ಒಂದು ಮಾರ್ಕರಿನಲ್ಲಿ 1:2:1ರ ಹತ್ತಿರ (ನಡುವಿನ 2 ಎರಡು ಬ್ಯಾಂಡಿನವು, ಆಚೀಚೆಯವು ಒಂದೊಂದು ಬ್ಯಾಂಡಿನವು) ಬಿಡಿಸಿಕೊಂಡ್ರೆ ಕ್ರಾಸ್ ಹೌದು. ಮರಿಗಳೆಲ್ಲ ಒಂದೇ ಬ್ಯಾಂಡ್ ಕೊಟ್ರೆ ಟ್ಯೂಬಿಗೆ ಬೇರೆಯದ್ದು ಸೇರಿದ್ದು, ಗಿಡ ನಿರಪರಾಧಿ.

ಒಂದು ದಿವಸದ ಜೆಲ್ ಮಾತ್ರ ಕೆಂಪು

ಡಿಎನ್‌ಎ ಹಾಕದ ಖಾಲಿ ಟ್ಯೂಬ್ ಓಡಿಸಿದ್ರಾ? ಅದರಲ್ಲಿ ಬ್ಯಾಂಡ್ ಬಂದಿದ್ರೆ ಆವತ್ತಿನ ನೀರು, ಬಫರ್, ಪ್ರೈಮರ್ ಡೈಲ್ಯೂಷನ್ ಎಲ್ಲ ಎಸೆದು ಹೊಸತು ಮಾಡಿ, ಯಾವುದು ಕೆಟ್ಟದ್ದು ಅಂತ ಪತ್ತೇದಾರಿಕೆ ಮಾಡ್ಲಿಕ್ಕೆ ಹೋದ್ರೆ ಎಸೆದದ್ದಕ್ಕಿಂತ ಜಾಸ್ತಿ ಖರ್ಚು. ಪಿಸಿಆರ್ ಆದ ಟ್ಯೂಬ್ ತೆರೆಯುವ ಮೇಜಿನಲ್ಲೇ ಹೊಸ ಪಿಸಿಆರ್ ಮಿಕ್ಸ್ ಮಾಡ್ಬೇಡಿ. ಖಾಲಿ ಟ್ಯೂಬ್ ಓಡಿಸ್ಲೇ ಇಲ್ಲ ಅಂತಾದ್ರೆ ಆ ಜೆಲ್ಲನ್ನು ಲೆಕ್ಕದಿಂದ ತೆಗೆಯುದು ಬಿಟ್ಟು ಬೇರೆ ದಾರಿ ಇಲ್ಲ.

ಉಲ್ಟಾ ಸಮಸ್ಯೆ: ಎಲ್ಲವೂ ಒಂದೇ ಥರ ಕಾಣುದು

ಮೂವತ್ತು ತಳಿ, ಮೂವತ್ತಕ್ಕೂ ಒಂದೇ ಬ್ಯಾಂಡ್, ವೈವಿಧ್ಯ ಸೊನ್ನೆ ಹತ್ತಿರ. ತಳಿಗಳು ನಾಶ ಆಗಿವೆ ಅಂತ ಬರೆಯುವ ಮೊದ್ಲು ಯಾವ ಜೆಲ್ ಅಂತ ನೋಡಿ. ಶೇ. 3ರ ಅಗರೋಸ್‌ನಲ್ಲಿ ಎರಡು ನಾಲ್ಕು ಬೇಸಿನ ವ್ಯತ್ಯಾಸ ಬಿಡಿಸಿ ಕಾಣುದಿಲ್ಲ, 152, 154, 156 ಮೂರೂ ಒಂದೇ ದಪ್ಪ ಗೆರೆ. ಪಾಲಿಅಕ್ರಿಲಮೈಡ್ ಜೆಲ್ ಬೇಕು ಅಥವಾ ಕ್ಯಾಪಿಲರಿ ಮೆಷಿನ್ (ಸಣ್ಣ ನಳಿಗೆಯಲ್ಲಿ ಡಿಎನ್‌ಎ ಓಡಿಸಿ ಸೈಜ್ ಅಳೆಯುವ ಯಂತ್ರ). ಕ್ಯಾಪಿಲರಿಗೆ ಹೋದ್ರೆ ಅದರದ್ದೇ ಕಾಟ, ಅದು 151.3, 151.8, 152.4 ಅಂತ ದಶಾಂಶದಲ್ಲಿ ಸೈಜ್ ಕೊಡ್ತದೆ, ಅದನ್ನು ಕಣ್ಣುಮುಚ್ಚಿ ರೌಂಡ್ ಮಾಡಿದ್ರೆ ಒಂದೇ ಅಲೀಲ್ 151 ಮತ್ತು 152 ಅಂತ ಎರಡಾಗಿ ಒಡೆದು ಇಲ್ಲದ ವೈವಿಧ್ಯ ಹುಟ್ತದೆ. ಎಲ್ಲ ಸೈಜುಗಳನ್ನು ಸಾಲಾಗಿ ಗ್ರಾಫ್ ಹಾಕಿ, ರಿಪೀಟಿನ ಅಂತರಕ್ಕೆ ಸರಿಯಾಗಿ ಗುಂಪು ಬೀಳ್ತದೆ, ಆ ಗುಂಪಿಗೆ ಒಂದು ನಂಬರ್ ಕೊಡಿ. ಒಂದೇ ಬೇಸ್ ಅಂತರದಲ್ಲಿ ಜೋಡಿ ಪೀಕ್ ಬಂದ್ರೆ ಟ್ಯಾಕ್ ಪಾಲಿಮರೇಸ್ ಕೊನೆಗೆ ಒಂದು ಎ ಸೇರಿಸುದು ಅರ್ಧಂಬರ್ಧ ಆಗಿದೆ, ಕೊನೆಯ ಎಕ್ಸ್‌ಟೆನ್ಷನ್ ಸಮಯ ಅರ್ಧ ಗಂಟೆ ತನಕ ಉದ್ದ ಮಾಡಿ.

ತೆಂಗು, ಕಂಗಿನಲ್ಲಿ ಹೆಟೆರೊಜೈಗೋಟ್ ಕಮ್ಮಿ ಬಂದ್ರೆ

ಇಲ್ಲಿ ದೋಷ ತಿರುಗುಮುರುಗು. ಪರಪರಾಗದ ಮರದಲ್ಲಿ ಹೆಟೆರೊಜೈಗೋಟ್ ಕಾಣೆಯಾಗಿದೆ, ಕಾರಣ ಮೂರು. ಎಲ್ಲ ಮಾರ್ಕರಿನಲ್ಲೂ ಕಮ್ಮಿ ಅಂತಾದ್ರೆ ಬೇರೆ ಬೇರೆ ಗುಂಪನ್ನು ಒಂದೇ ಗುಂಪು ಅಂತ ಲೆಕ್ಕಕ್ಕೆ ಹಾಕಿದ್ದು, ಒಂದೇ ತೋಟದಲ್ಲಿ ಊರ ಕಂಗು, ಮಂಗಳ, ಮೋಹಿತ್‌ನಗರ ಮೂರೂ ಇರ್ತದೆ, ಅಥವಾ ಎತ್ತರದ ತೆಂಗು ಗಿಡ್ಡದ್ದು ಎರಡನ್ನೂ ಸೇರಿಸಿದ್ದಾರೆ. ಗುಂಪು ಬೇರೆ ಮಾಡಿ ಪುನಃ ಲೆಕ್ಕ ಹಾಕಿದ್ರೆ ಸರಿ ಆಗ್ತದೆ. ಒಂದೆರಡು ಮಾರ್ಕರಿನಲ್ಲಿ ಮಾತ್ರ ಕಮ್ಮಿ, ಅದೇ ಮಾರ್ಕರಿನಲ್ಲಿ ಕೆಲವು ಮರ ಬ್ಯಾಂಡೇ ಕೊಡುದಿಲ್ಲ ಅಂತಾದ್ರೆ ನಲ್ ಅಲೀಲ್, ಪ್ರೈಮರ್ ಅಂಟುವ ಜಾಗದಲ್ಲೇ ಬದಲಾವಣೆ ಆಗಿ ಒಂದು ಅಲೀಲ್ ಏಳುದೇ ಇಲ್ಲ, ಅಂದ್ರೆ ಪಿಸಿಆರ್‌ನಲ್ಲಿ ನಕಲು ಆಗಿ ಬ್ಯಾಂಡ್ ಕೊಡುದೇ ಇಲ್ಲ. ಕೆಲವು ಮರಗಳಲ್ಲಿ ಮಾತ್ರ ಎಲ್ಲ ಮಾರ್ಕರೂ ಕಮ್ಮಿ ಅಂತಾದ್ರೆ ಡಿಎನ್‌ಎ ಕಳಪೆ.

ತೆಂಗಿನಲ್ಲಿ ಒಂದು ಒಳ್ಳೆ ಪರೀಕ್ಷೆ ಉಂಟು. ಚಂದ್ರ ಶಂಕರ ಅನ್ನುವ ಹೈಬ್ರಿಡ್ ತೆಂಗು ಅಂದ್ರೆ ಚಾವಕ್ಕಾಡ್ ಕಿತ್ತಳೆ ಗಿಡ್ಡ ತಾಯಿ, ಪಶ್ಚಿಮ ಕರಾವಳಿ ಎತ್ತರದ ತಂದೆ. 1916ರಲ್ಲಿ ತೆಂಗಿನ ಸ್ಟೇಷನ್ ಆಗಿ ಶುರುವಾದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕಾಸರಗೋಡಿನಲ್ಲೇ ಇರುವ ಕಾರಣ ಹೆಸರು ಖಾತ್ರಿ ಇರುವ ಚಂದ್ರ ಶಂಕರ ಮರ ನಮ್ಮ ಕಡೆ ಹುಡುಕ್ಲಿಕ್ಕೆ ಅಷ್ಟು ಕಷ್ಟ ಇಲ್ಲ. ತಾಯಿ ಜಾತಿ ಸ್ವಪರಾಗದ್ದಾದ್ರಿಂದ ಹೆಚ್ಚಿನ ಮಾರ್ಕರಿನಲ್ಲಿ ಒಂದೇ ಅಲೀಲ್, ಮಗುವಿನಲ್ಲಿ ಅದು ಇರ್ಲೇಬೇಕು. ತಾಯಿಯದ್ದು ಕಾಣದೆ ತಂದೆಯ ಕಡೆಯ ಒಂದೇ ಬ್ಯಾಂಡ್ ಬಂದ್ರೆ ಅಲೀಲ್ ಬಿದ್ದುಹೋಗಿದೆ ಅಥವಾ ಮರದ ಹೆಸರೇ ಸುಳ್ಳು. ಎರಡನೆಯದ್ದಾದ್ರೆ ಹಲವು ಮಾರ್ಕರಿನಲ್ಲಿ ಒಟ್ಟಿಗೆ ಹಾಗೆ ಕಾಣ್ತದೆ.

ಡಿಎನ್‌ಎ ಕಳಪೆ ಅಂತ ಹೇಳಿದೆನಲ್ಲ, ಕಂಗು, ಗೇರು ಇವುಗಳ ಎಲೆಯಲ್ಲಿ ಪಾಲಿಫಿನಾಲ್ ಜಾಸ್ತಿ, ಪೆಲೆಟ್ (ಟ್ಯೂಬಿನ ತಳದಲ್ಲಿ ಕೂರುವ ಡಿಎನ್‌ಎ ಗಂಟು) ಕಂದು ಬಣ್ಣಕ್ಕೆ ತಿರುಗಿದ್ರೆ ಆಸೆ ಬಿಡಿ. ಡಿಎನ್‌ಎ ತೆಗೆಯುವ ಸಿಟಿಎಬಿ ಬಫರಿಗೆ ಪಿವಿಪಿ ಮತ್ತು ಮರ್ಕ್ಯಾಪ್ಟೊಎಥನಾಲ್ ಸೇರಿಸಿ, ಬಲಿತ ಎಲೆ ಬಿಟ್ಟು ಬಿಚ್ಚದ ಸುಳಿ ಎಲೆ ತನ್ನಿ. ಯಾವ ಬೆಳಕನ್ನು ಎಷ್ಟು ಹೀರ್ತದೆ ಅಂತ ಅಳೆದು ಡಿಎನ್‌ಎಯ ಶುದ್ಧತೆ ಹೇಳುವ 260/280 ಅನುಪಾತ 1.8ರ ಹತ್ತಿರ ಇದ್ರೂ 260/230 ಒಂದಕ್ಕಿಂತ ಕೆಳಗಿದ್ರೆ ಸಕ್ಕರೆ, ಫಿನಾಲ್ ಉಳಿದಿದೆ ಅಂತ ಲೆಕ್ಕ. ಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ ಪಿಸಿಆರ್ ಹಾಕಿ, ತೆಳು ಮಾಡಿದ್ದು ಏಳ್ತದೆ ದಪ್ಪದ್ದು ಏಳುದಿಲ್ಲ ಅಂತಾದ್ರೆ ತಡೆಯುವ ಕಸ ಒಳಗುಂಟು.

ಲೆಕ್ಕದಲ್ಲೇ ದೋಷ

ಬ್ಯಾಂಡ್ ಸರಿ, ಓದಿದ್ದು ಸರಿ, ಆದ್ರೂ ಉತ್ತರ ವಿಚಿತ್ರ. ಮೊದ್ಲು ಅಲೀಲುಗಳ ಪಟ್ಟಿ ತೆರೆದು ಸೈಜ್ 0 ಅಥವಾ ಮೈನಸ್ 9 ಅಂತ ಒಂದು ಅಲೀಲ್ ಉಂಟಾ ನೋಡಿ. ಬ್ಯಾಂಡ್ ಬಾರದ ಜಾಗಕ್ಕೆ ಜೆನ್‌ಆಲೆಕ್ಸ್ ಅನ್ನುವ ಸಾಫ್ಟ್‌ವೇರಿನಲ್ಲಿ 0 ಹಾಕ್ತಾರೆ, ಗುಂಪು ಮಾಡುವ ಸ್ಟ್ರಕ್ಚರ್ ಅನ್ನುವ ಸಾಫ್ಟ್‌ವೇರಿನಲ್ಲಿ ಸಾಮಾನ್ಯವಾಗಿ ಮೈನಸ್ 9, ಒಂದರ ಫೈಲ್ ಇನ್ನೊಂದಕ್ಕೆ ಕೊಟ್ರೆ ಬಾರದ ಬ್ಯಾಂಡೂ ಒಂದು ಅಲೀಲ್ ಆಗಿ ಕೂತ್ಕೊಳ್ತದೆ.

ಆಮೇಲೆ ಹೋಲಿಕೆಯ ಗೊಂದಲ. ಪ್ರತಿ ಅಲೀಲಿನ ಪಾಲನ್ನು ವರ್ಗ ಮಾಡಿ ಕೂಡಿಸಿ 1ರಿಂದ ಕಳೆಯುದು, ವಿಜ್ಞಾನಿ ನೇಯಿ 1973ರಲ್ಲಿ ಕೊಟ್ಟ ಜೀನ್ ಡೈವರ್ಸಿಟಿ ಅದು, ನಿರೀಕ್ಷಿತ ಹೆಟೆರೊಜೈಗೋಸಿಟಿಯೂ ಅದೇ. ಎಸ್‌ಎನ್‌ಪಿಯಲ್ಲಿ (ಡಿಎನ್‌ಎಯ ಒಂದೇ ಅಕ್ಷರ ಬದಲಾಗುವ ಮಾರ್ಕರಿನಲ್ಲಿ) ಸಾಮಾನ್ಯವಾಗಿ ಎರಡೇ ಅಲೀಲ್ ಇರುದ್ರಿಂದ ಇದು 0.5 ದಾಟ್ಲಿಕ್ಕೇ ಇಲ್ಲ, ಪಿಐಸಿ (ಮಾರ್ಕರ್ ಎಷ್ಟು ಮಾಹಿತಿ ಕೊಡ್ತದೆ ಅನ್ನುವ ಅಳತೆ) 0.375 ದಾಟುದಿಲ್ಲ. ಎಸ್‌ಎಸ್‌ಆರ್‌ನಲ್ಲಿ 0.8 ಬಂದ ಹಳೆಯ ಪೇಪರ್ ಪಕ್ಕ ನಿಮ್ಮ ಎಸ್‌ಎನ್‌ಪಿಯ 0.3 ಇಟ್ಟು ವೈವಿಧ್ಯ ಕುಸಿದಿದೆ ಅಂತ ಬರೆದ್ರೆ ಪರೀಕ್ಷಕರು ಬಿಡ್ಲಿಕ್ಕಿಲ್ಲ. ಆರ್‌ಎಪಿಡಿ, ಐಎಸ್‌ಎಸ್‌ಆರ್ ಅನ್ನುವ, ಬ್ಯಾಂಡ್ ಉಂಟು ಇಲ್ಲ ಅಂತ ಮಾತ್ರ ಹೇಳುವ ಮಾರ್ಕರುಗಳ ಡೇಟಾದಲ್ಲಿ ಕಂಡ ಹೆಟೆರೊಜೈಗೋಸಿಟಿ ಅಂತ ಒಂದು ಕಾಲಮ್ ಇದ್ರೆ ಅದನ್ನು ಅಳಿಸಿ, ಬ್ಯಾಂಡ್ ಇದ್ದಾಗ ಒಂದು ಪ್ರತಿಯಾ ಎರಡಾ ಅಂತ ಆ ಮಾರ್ಕರಿಗೆ ಗೊತ್ತೇ ಆಗುದಿಲ್ಲ. ಐದು ಗಿಡ ನೋಡಿದ ತಳಿಗೂ ನಲವತ್ತು ಗಿಡ ನೋಡಿದ ತಳಿಗೂ ಅಲೀಲ್ ಸಂಖ್ಯೆ ನೇರ ಹೋಲಿಸ್ಬೇಡಿ, ರೇರ್‌ಫ್ಯಾಕ್ಷನ್ (ಸ್ಯಾಂಪಲ್ ಸಂಖ್ಯೆ ಸಮ ಮಾಡಿ ಹೋಲಿಸುವ ಲೆಕ್ಕ) ಮಾಡಿ ಎರಡನ್ನೂ ಐದಕ್ಕೆ ಇಳಿಸಿ. ಸಣ್ಣ ಸ್ಯಾಂಪಲಿಗೆ ಹಾಕುವ ತಿದ್ದುಪಡಿಯೂ ನೋಡಿ, ಐದು ಗಿಡಕ್ಕೆ ಸಾಫ್ಟ್‌ವೇರ್ ಹತ್ತು ಅಲೀಲ್ ಅಂತ ಹಿಡಿದು 10/9ರಿಂದ ಗುಣಿಸ್ತದೆ, ಭತ್ತದಲ್ಲಿ ಎರಡು ಪ್ರತಿಯೂ ಒಂದೇ ಆದ್ದರಿಂದ ನಿಜದಲ್ಲಿ ಐದೇ, ಗುಣಿಸ್ಬೇಕಾದ್ದು 5/4ರಿಂದ.

ಸ್ಟ್ರಕ್ಚರ್ ಬಗ್ಗೆ ಎರಡೇ ಮಾತು. ಅದು ಹಾರ್ಡಿ-ವೈನ್‌ಬರ್ಗ್ ಸಮತೋಲನ (ಭೇದ ಇಲ್ಲದೆ ಕ್ರಾಸ್ ಆಗುವ ಗುಂಪಿನಲ್ಲಿ ಕಾಣುವ ಅಲೀಲ್ ಜೋಡಿಗಳ ಪಾಲು) ಇದೆ ಅಂತ ನಂಬಿ ಕೆಲಸ ಮಾಡುದು, ಭತ್ತದಲ್ಲಿ ಅದು ಇಲ್ಲ, ಹಾಗಾಗಿ ಗುಂಪುಗಳ ಸಂಖ್ಯೆ ಉಬ್ಬಿ ಬರ್ಬಹುದು. ಮತ್ತೆ ಗುಂಪು ಎಷ್ಟು ಅಂತ ಆರಿಸುವ 2005ರ ಡೆಲ್ಟಾ ಕೆ ವಿಧಾನಕ್ಕೆ ಒಂದೇ ಗುಂಪು ಅಂತ ಉತ್ತರ ಕೊಡ್ಲಿಕ್ಕೆ ಬರುದೇ ಇಲ್ಲ, ಎರಡು ಅಂತ ಬಂದ ಕೂಡ್ಲೇ ನಂಬ್ಬೇಡಿ.

ಎಷ್ಟು ಗಿಡ ಬೇಕಿತ್ತು

ಮೇಲಿನದ್ದೆಲ್ಲ ಸರಿ ಇದ್ದೂ ನಂಬರ್ ಪ್ರತಿ ಸಲ ಓಡಾಡ್ತಾ ಇದ್ರೆ ಸ್ಯಾಂಪಲ್ಲೇ ಸಣ್ಣದು. ನೂರಕ್ಕೆ ಐದು ಪಾಲು ಇರುವ ಅಲೀಲ್ ಒಂದು ಸಲವಾದ್ರೂ ಕೈಗೆ ಸಿಗ್ಬೇಕು, ಅದೂ ನೂರಕ್ಕೆ 95 ಖಾತ್ರಿಯಲ್ಲಿ ಅಂದ್ರೆ 59 ಗ್ಯಾಮೀಟ್ (ಅಂದ್ರೆ ಅಲೀಲಿನ 59 ಸ್ವತಂತ್ರ ಪ್ರತಿ) ಬೇಕು, ಮಾರ್ಷಲ್ ಮತ್ತು ಬ್ರೌನ್ 1975ರಲ್ಲಿ ಕೊಟ್ಟ ಲೆಕ್ಕ. ಕಂಗಿನಲ್ಲಿ ಒಂದು ಮರಕ್ಕೆ ಎರಡು ಸಿಗ್ತದೆ, 30 ಮರ ಸಾಕು. ಭತ್ತದಲ್ಲಿ ಒಂದು ಗಿಡ ಕೊಡುದು ಒಂದನ್ನೇ, 59 ಗಿಡವೇ ಬೇಕು. ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರು 650ಕ್ಕಿಂತ ಹೆಚ್ಚು ತಳಿ ಉಳಿಸಿ 2024ರಲ್ಲಿ ಪದ್ಮಶ್ರೀ ಪಡೆದದ್ದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಅಂಥ ದೊಡ್ಡ ಸಂಗ್ರಹದ ಮುಂದೆ ಕೂತಾಗ ತಳಿ ತಳಿಯ ನಡುವಿನ ವ್ಯತ್ಯಾಸ ಕೇಳುದು ಸರಿಯಾದ ಪ್ರಶ್ನೆ, ತಳಿಗೆ ಎರಡು ಮೂರು ಗಿಡ ಸಾಕು. ತಳಿಯೊಳಗಿನ ವೈವಿಧ್ಯ ಬೇಕಾದ್ರೆ ಅದನ್ನು ದೊಡ್ಡ ಗದ್ದೆಯಲ್ಲಿ ವರ್ಷ ವರ್ಷ ಬೆಳೆಯುವವರ ಹತ್ತಿರ ಹೋಗ್ಬೇಕು. ಎರಡು ಪ್ರಶ್ನೆಗೂ ಒಂದೇ ಸ್ಯಾಂಪಲ್‌ನಿಂದ ಉತ್ತರ ಎಳೀಲಿಕ್ಕೆ ಹೋದ್ರೆ ಮೇಲೆ ಹೇಳಿದ ಎಲ್ಲ ದೋಷಗಳೂ ಒಟ್ಟಿಗೆ ಬರ್ತದೆ.

ಪುನಃ ಎಲೆ ತರ್ಲಿಕ್ಕೆ ಏಣೆಲಿನಲ್ಲಿ ಹೋಗುದಾದ್ರೆ ಮಳೆಗೆ ತಯಾರಾಗಿ ಹೋಗಿ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಸುರಿಯುವ ಜಿಲ್ಲೆ ಇದು. ಒದ್ದೆ ಎಲೆ ಪ್ಲಾಸ್ಟಿಕ್ ಕವರಿಗೆ ಹಾಕಿದ್ರೆ ಮರುದಿವಸಕ್ಕೆ ಕೊಳೆತು ಡಿಎನ್‌ಎ ತುಂಡು ತುಂಡು. ಎಲೆ ಒರಸಿ, ಒಂದು ಗಿಡಕ್ಕೆ ಒಂದು ಕಾಗದದ ಕವರ್, ಅದನ್ನು ಸಿಲಿಕಾ ಜೆಲ್ ಇರುವ ಡಬ್ಬಿಗೆ, ಜೆಲ್ಲಿನ ಬಣ್ಣ ಬದಲಾದ ಕೂಡ್ಲೇ ಬೇರೆ ಹಾಕಿ. ನಂಬರ್ ಪೆನ್ಸಿಲಿನಲ್ಲಿ ಬರೀರಿ, ಪೆನ್ನಿನದ್ದು ಹರಡಿ ಹೋಗ್ತದೆ. ಎಲೆ ಕೊಯ್ದ ಗಿಡಕ್ಕೆ ಅದೇ ನಂಬರಿನ ಚೀಟಿ ಕಟ್ಟಿ, ಕೊಯ್ಲಿಗೆ ಮೊದಲು ಅದರ ಒಂದು ತೆನೆ ಬೇರೆ ತೆಗೆದಿಡ್ಲಿಕ್ಕೆ ಗದ್ದೆಯವರಿಗೆ ಹೇಳಿ ಬನ್ನಿ, ನಾಳೆ ಆ ಸಾಲು ಕೆಂಪಾದ್ರೆ ಮರಿ ಬೆಳೆಸಿ ನೋಡ್ಲಿಕ್ಕೆ ಬೀಜ ಬೇಕಲ್ಲ. ಮತ್ತೆ ಹತ್ತರಲ್ಲಿ ಒಂದು ಸ್ಯಾಂಪಲನ್ನು ಬೇರೆ ಕೋಡ್ ಹಾಕಿ ಎರಡು ಸಲ ಓಡಿಸಿ, ಎರಡು ಸಲಕ್ಕೂ ತಾಳೆ ಆಗದ ಪಾಲು ಎಷ್ಟೋ ಅದನ್ನು ಥೀಸಿಸಿನಲ್ಲಿ ವೈವಿಧ್ಯದ ನಂಬರಿನ ಪಕ್ಕದಲ್ಲೇ ಹಾಕಿ.